ಲಡಾಖಿಗೆ ಹೊರಟ ಭೂಗೋಳದ ಸರ್

ಶ್ರದ್ಧಾಂಜಲಿ ಸಭೆಯಲ್ಲಿ ನಗಬಾರದು. ಅದು ನನಗೂ ಗೊತ್ತು. ಆದರೆ ಹೋದ ತಿಂಗಳು ಹುಮನಾಬಾದಿನ ನಮ್ಮ ಶಾಲೆಯ ಅಂಗಳದಲ್ಲಿ ಸರ್ ಅವರ ಫೋಟೋಕ್ಕೆ ಹಾರ ಹಾಕಿ, ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡುವಾಗ, ಊರಿನ ಹಿರಿಯರೊಬ್ಬರು ಮೈಕು ಹಿಡಿದು, "ಅವರದು ಹಿಮಾಲಯದಷ್ಟು ಎತ್ತರದ ವ್ಯಕ್ತಿತ್ವ" ಎಂದುಬಿಟ್ಟರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿ ಕೂತವರು ನಾನು ಅಳುತ್ತಿದ್ದೇನೆಂದು ತಿಳಿದು ನೀರಿನ ಬಾಟಲಿ ಕೊಟ್ಟರು. ಅಳುವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಸರ್ ಅಲ್ಲಿ ಇದ್ದಿದ್ದರೆ, ಆ ಮಾತು ಕಿವಿಗೆ ಬಿದ್ದ ಕೂಡಲೇ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಎತ್ತರ ಎಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು.

ಅವರೇ ಎತ್ತರದ ಆಳು. ಬಸ್ಸಿನ ಬಾಗಿಲಲ್ಲಿ ತಲೆ ಬಗ್ಗಿಸಿ ಹತ್ತಬೇಕು, ಹಾಗೆ. ಬಿಳಿ ಅಂಗಿ, ಅದರ ಜೇಬಿನ ತಳದಲ್ಲಿ ಸದಾ ನೀಲಿ, ಹಸಿರು, ಕಂದು ಸುಣ್ಣದಕಡ್ಡಿಯ ಪುಡಿ. ಎಷ್ಟು ಒಗೆದರೂ ಹೋಗುವುದಿಲ್ಲವೆಂದು ಅವರ ಹೆಂಡತಿ ಆ ಜೇಬಿನ ಮೇಲೆ ಆಸೆ ಬಿಟ್ಟಿದ್ದರು. ಭೂಗೋಳದ ಶಿಕ್ಷಕರು. ಗೋಡೆಗೆ ತೂಗುಹಾಕುವ ನಕ್ಷೆ ಅವರಿಗೆ ಬೇಡ. ಬೋರ್ಡಿನ ಎಡತುದಿಯಲ್ಲಿ ಕಡ್ಡಿ ಇಟ್ಟರೆ ಬಲತುದಿಗೆ ಬರುವಷ್ಟರಲ್ಲಿ ಹಿಮಾಲಯ ಮುಗಿದಿರುತ್ತಿತ್ತು. ನಾನು ಅದೇ ಶಾಲೆಯ ಕನ್ನಡ ಶಿಕ್ಷಕಿ. ಇಬ್ಬರ ಮನೆಯೂ ಬಸವಕಲ್ಯಾಣದಲ್ಲಿ, ಇಬ್ಬರದೂ ಒಂದೇ ಬಸ್ಸು. ಹಾಗಾಗಿ ಅವರನ್ನು ಶಾಲೆಯಲ್ಲಿ ನೋಡಿದ್ದಕ್ಕಿಂತ ಬಸ್ಸಿನಲ್ಲಿ ನೋಡಿದ್ದೇ ಹೆಚ್ಚು. ಹೆದ್ದಾರಿಯ ಫ್ಲೈಓವರ್ ಬಂದಾಗ ಅವರು ಕಣ್ಣು ಮುಚ್ಚುತ್ತಿದ್ದರು. ದೇವರ ಧ್ಯಾನ ಎಂದು ನಾನು ಮೊದಮೊದಲು ಅಂದುಕೊಂಡಿದ್ದೆ.

ಲಡಾಖಿನ ಪಾಠ ಬಂದರೆ ಪಕ್ಕದ ಕೋಣೆಯಲ್ಲಿದ್ದ ನಾನು ನನ್ನ ಪದ್ಯ ನಿಲ್ಲಿಸಿಬಿಡುತ್ತಿದ್ದೆ. ಗೋಡೆಯಾಚೆಯಿಂದ ಅವರ ದನಿ ಕೇಳುತ್ತಿತ್ತು.

"ಮೋಡ ಬರ್ತದ, ಬರ್ತದ, ಗುಡ್ಡ ನೋಡಿ ನಿಂತ್ ಬಿಡ್ತದ. ದಾಟಾಕ ಧೈರ್ಯ ಸಾಲೂದಿಲ್ಲ. ಇದ್ದ ನೀರೆಲ್ಲಾ ಈ ಕಡೀಗೇ ಸುರವಿ, ಹಗೂರಾಗಿ ಹೊಳ್ಳಿ ಹೋಗ್ತದ. ಅದಕ್ಕೇ ಆ ಕಡಿ ಮರುಭೂಮಿ. ಮರಳಿಂದು ಅಲ್ಲ, ಥಂಡೀದು. ಪಾಪ, ಮೋಡಕ್ಕ ನಗಬ್ಯಾಡ್ರಿ ಯಾರೂ. ಎಲ್ಲಾರಿಗೂ ಒಂದು ಗುಡ್ಡ ಇರ್ತದ."

ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಹುಮನಾಬಾದಿನ ಸುತ್ತ ಎಲ್ಲಿ ನೋಡಿದರೂ ತೊಗರಿ, ಸೋಯಾ, ಕೆಂಪು ಮಣ್ಣು. ಬೆಟ್ಟ ಎಂಬುದನ್ನೇ ನೋಡದ ಆ ಮಕ್ಕಳಿಗೆ ಲಡಾಖ್ ಎಂದರೆ ಸರ್ ಸ್ವಂತ ಊರು ಎಂದೇ ಭಾವನೆ. ಎಂದೂ ಹೋಗಬೇಕಾಗಿ ಬರುವುದಿಲ್ಲ ಎಂಬ ಧೈರ್ಯ ಇದ್ದುದರಿಂದಲೇ ಅವರು ಆ ಊರನ್ನು ಅಷ್ಟು ಪ್ರೀತಿಸಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಗೊತ್ತಾಗಿದ್ದು ಬಸವಕಲ್ಯಾಣದ ಕೋಟೆಯಲ್ಲಿ. ನಾನು ವರ್ಗವಾಗಿ ಬಂದ ಹೊಸದು. ಬೀದರಿನಿಂದ ಬಂದ ಅಧಿಕಾರಿಯೊಬ್ಬರಿಗೆ ಕೋಟೆ ತೋರಿಸುವ ಕೆಲಸ ಸರ್ ಪಾಲಿಗೆ, ಜೊತೆಗೆ ನನ್ನ ಪಾಲಿಗೂ ಬಿತ್ತು. ಅಧಿಕಾರಿ ಬುರುಜಿನ ಮೆಟ್ಟಿಲು ಹತ್ತಿ, "ಬರ್ರಿ ಮಾಸ್ತರ್ರ, ಈ ತೋಪಿನ ಕಥಿ ಹೇಳ್ರಿ" ಎಂದು ಮೇಲಿನಿಂದ ಕರೆದರು. ಸರ್ ಹತ್ತಿದರು. ಹೇಗೆ ಹತ್ತಿದರೋ ಅವರಿಗೇ ಗೊತ್ತಿಲ್ಲ. ಅಧಿಕಾರಿ ಇಳಿದು ಚಹಾ ಕುಡಿದು ಜೀಪು ಹತ್ತಿ ಹೋದರೂ ಸರ್ ಇಳಿಯಲಿಲ್ಲ. ನಾನು ಹುಡುಕಿಕೊಂಡು ಹೋದರೆ, ಆ ಫಿರಂಗಿ ತೋಪನ್ನು ತಬ್ಬಿಕೊಂಡು ಕೂತಿದ್ದಾರೆ, ಮುಖ ಕಬ್ಬಿಣಕ್ಕೆ ಒತ್ತಿಕೊಂಡು. ಅಧಿಕಾರಿ ಹೋಗುವಾಗ, "ಎಂಥಾ ಆಸಕ್ತಿರೀ ನಿಮ್ಮ ಸರ್‌ದು, ಇನ್ನೂ ತೋಪು ಪರೀಕ್ಷಾ ಮಾಡಾಕತ್ತಾರ" ಎಂದು ಹೊಗಳಿ ಹೋಗಿದ್ದರು.

"ಮೇಡಂ," ಎಂದರು ಸರ್, ತಲೆ ಎತ್ತದೆ. "ನನಗ ಇಳ್ಯಾಕ ಆಗವಲ್ದು. ನಿಮ್ಮ ಚೀಲದ ಪಟ್ಟಿ ಹಿಡ್ಕೋತೀನಿ. ತಪ್ಪ ತಿಳೀಬ್ಯಾಡ್ರಿ."

ನಾನು ಮುಂದೆ, ಅವರು ಹಿಂದೆ. ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರುತ್ತ ಇಳಿದರು. ಪ್ಯಾಂಟಿನ ಹಿಂಭಾಗವೆಲ್ಲ ಮಣ್ಣಾಗಿತ್ತು. ನೆಲ ಸಿಕ್ಕ ಮೇಲೆ ಅಂಗೈ ಒರೆಸಿಕೊಂಡು, "ತಂಗೀ, ಇದು ಯಾರ ಮುಂದನೂ ಹೇಳಬ್ಯಾಡ್ರಿ. ನಿಮ್ಮ ವೈನಿ ಮುಂದ ಅಂತೂ ಬಿಲ್ಕುಲ್ ಬ್ಯಾಡ" ಎಂದರು. ಅಂದಿನಿಂದ ನಾನು ಅವರಿಗೆ ತಂಗಿಯಾದೆ, ಅವರ ಹೆಂಡತಿ ನನಗೆ ವೈನಿ, ಎಂದರೆ ಅತ್ತಿಗೆ, ಆದರು. ಮಾತು ಕೊಟ್ಟೆ. ಕೊಟ್ಟ ಮಾತು ಇಷ್ಟು ಭಾರವಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಗುಟ್ಟು ಗೊತ್ತಾದ ಮೇಲೆ ಅವರ ಎಷ್ಟೋ ನಡೆಗಳು ನನಗೆ ಅರ್ಥವಾಗತೊಡಗಿದವು. ಮುಖ್ಯೋಪಾಧ್ಯಾಯರಾದ ಕೂಡಲೇ ಅವರು ಮಾಡಿದ ಮೊದಲ ಕೆಲಸ, ಆಫೀಸಿನ ತಾರಸಿಯ ಮೇಲಿದ್ದ ಧ್ವಜಸ್ತಂಭವನ್ನು ಅಂಗಳಕ್ಕೆ ಇಳಿಸಿದ್ದು. "ಮಕ್ಕಳು ಝಂಡಾ ತಲಿ ಎತ್ತಿ ನೋಡಬೇಕು, ಕುತ್ತಿಗಿ ಮುರ್ಕೊಂಡಲ್ಲ" ಎಂದು ಭಾಷಣ ಮಾಡಿದರು. ಪಾಲಕರು ಚಪ್ಪಾಳೆ ತಟ್ಟಿದರು, ಪತ್ರಿಕೆಯಲ್ಲೂ ಬಂತು. ಝಂಡಾ ಕಟ್ಟಲು ಮುಖ್ಯೋಪಾಧ್ಯಾಯರೇ ತಾರಸಿ ಹತ್ತಬೇಕೆಂಬ ರೂಢಿ ಅಲ್ಲಿಗೆ ತಪ್ಪಿತು. ಭಯ ಇದ್ದವರಿಗೆ ಬುದ್ಧಿ ಎಷ್ಟು ಚುರುಕಾಗಿರುತ್ತದೆ ನೋಡಿ.

ಆದರೆ ಬುದ್ಧಿಗೂ ಒಂದು ಮಿತಿ ಇರುತ್ತದೆ. ನಿವೃತ್ತಿಯ ದಿನ ಅದು ಮುಗಿಯಿತು.

ನಮ್ಮ ಕಡೆಯ ಸತ್ಕಾರ ಸಮಾರಂಭ ನೋಡಿದವರಿಗೇ ಗೊತ್ತು. ಶಾಲಿನ ಮೇಲೆ ಶಾಲು, ಹಾರದ ಮೇಲೆ ಹಾರ, ಮರಾಠಿ ನಾಡಿನ ಹಾಗೆ ತಲೆಗೆ ಫೇಟಾ. ಸರ್ ಕಣ್ಣು ಮಾತ್ರ ಕಾಣುತ್ತಿತ್ತು. ಹಳೇ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ಅವರಲ್ಲೊಬ್ಬ ಹುಮನಾಬಾದಿನಲ್ಲಿ ಟ್ರಾವೆಲ್ಸ್ ಇಟ್ಟುಕೊಂಡವನು. ಅವನ ಹೆಂಡತಿ ವೇದಿಕೆಗೆ ಬಂದು ವೈನಿಯ ಉಡಿ ತುಂಬಿದಳು. ಖಣ, ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಉತ್ತತ್ತಿ, ಎಲ್ಲದರ ಮೇಲೆ ಒಂದು ಲಕೋಟೆ. ಅವನು ಮೈಕು ಹಿಡಿದ.

"ಸರ್ ನಮಗ ಬೋರ್ಡ್ ಮ್ಯಾಲ ಲಡಾಖ್ ತೋರಿಸಿದ್ರು. ಈಗ ನಾವು ಸರ್‌ಗೆ, ಅಕ್ಕಾರಿಗೆ ಖರೇ ಲಡಾಖ್ ತೋರಸ್ತೀವಿ! ಮನಾಲಿತನಕ ಹೋಗಿ, ಅಲ್ಲಿಂದ ಲೇಹ್‌ತನ ಗಾಡ್ಯಾಗ. ವಿಮಾನ ಬ್ಯಾಡ. ಒಂದೊಂದು ಘಾಟ್ ಮ್ಯಾಲೂ ಗಾಡಿ ನಿಲ್ಸಿ, ಕೆಳಗ ಬಗ್ಗಿ ನೋಡ್ಕೋತ ಹೋಗೂದು!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸರ್ ಎರಡೂ ಕೈ ಮುಗಿದರು. ಎಲ್ಲರೂ ಅದನ್ನು ಧನ್ಯವಾದ ಎಂದುಕೊಂಡರು. ನನಗೆ ಅವರು ಬೇಡಿಕೊಳ್ಳುತ್ತಿದ್ದ ಹಾಗೆ ಕಂಡಿತು.

ಆ ಲಕೋಟೆ ಸರ್ ಕೈಗೆ ಬಂದಿದ್ದರೆ ನಾಳೆ ನಾಡಿದ್ದು ಏನಾದರೊಂದು ನೆಪ ಹೇಳಿ ತಿರುಗಿಸಬಹುದಿತ್ತು. ಉಡಿಯಲ್ಲಿ ಬಿದ್ದದ್ದನ್ನು ತಿರುಗಿಸುವಂತಿಲ್ಲ. ತಿರುಗಿಸಿದರೆ ತುಂಬಿದವಳಿಗೂ ಕೇಡು, ತುಂಬಿಸಿಕೊಂಡವಳಿಗೂ ಕೇಡು ಎಂದು ನಮ್ಮ ಹೆಣ್ಣುಮಕ್ಕಳ ನಂಬಿಕೆ. ಆ ಹುಡುಗ ಬಹಳ ವಿಚಾರ ಮಾಡಿಯೇ ಹಾಗೆ ಕೊಟ್ಟಿದ್ದ. ಸರ್ ಸಂಕೋಚದ ಮನುಷ್ಯ, ಬೇಡ ಅಂದಾರು, ಬೇಡ ಅನ್ನಲು ಬಾರದ ಹಾಗೆ ಕೊಡೋಣ ಎಂದು. ಪ್ರೀತಿಯಿಂದ ಬಿಗಿದ ಗಂಟು ಹಲ್ಲಿನಿಂದಲೂ ಬಿಚ್ಚುವುದಿಲ್ಲ.

ಮತ್ತೆ ವೈನಿ. ಅವರು ಹತ್ತಿರದ ಕೊಹಿನೂರ ಎಂಬ ಹಳ್ಳಿಯ ಒಕ್ಕಲುತನದ ಮನೆಯ ಮಗಳು. ತುಳಜಾಪುರ, ಪಂಢರಪುರ ಬಿಟ್ಟರೆ ದೂರದ ಊರು ಕಂಡವರಲ್ಲ. ಗಂಡ ಮನೆಯಲ್ಲಿ ಪಾಠ ಓದಿಕೊಳ್ಳುವಾಗ ರೊಟ್ಟಿ ಬಡಿಯುತ್ತ ಕೇಳಿ ಕೇಳಿ, ಅವರಿಗೂ ಕಣಿವೆಗಳ ಹೆಸರು ಬಾಯಿಪಾಠವಾಗಿತ್ತು. ಸಮಾರಂಭದ ಮರುದಿನವೇ ಪೇಟೆಗೆ ಹೋಗಿ ಎರಡು ಉಣ್ಣೆಯ ಟೋಪಿ ತಂದರು. ಬೇಸಿಗೆಯ ಸೆಕೆಯಲ್ಲಿ ಒಂದನ್ನು ತಲೆಗೆ ಹಾಕಿಕೊಂಡು, ಬೆವರುತ್ತ, ಕನ್ನಡಿ ಮುಂದೆ ನಿಂತು ನನ್ನನ್ನು ಕೇಳಿದರು.

"ಅಲ್ಲಿ ಮಣ್ಣು ಯಾ ಬಣ್ಣದ್ದು ಇರ್ತದ, ತಂಗೀ? ಕರೀದೋ ಕೆಂಪೋ? ಏನ್ ಬೆಳೀತಾರ ಅಷ್ಟು ಥಂಡ್ಯಾಗ? ನಮ್ಮ ಅವ್ವ ಇದ್ದಿದ್ರ ಕಿವಿತುಂಬ ಕೇಳ್ತಿದ್ಲು."

ಪರಿಚಯವಾದ ಅಷ್ಟು ವರ್ಷದಲ್ಲಿ ಅವರು ತಮಗಾಗಿ ಏನನ್ನೂ ಕೇಳಿದ್ದನ್ನು ನಾನು ನೋಡಿರಲಿಲ್ಲ. ಈಗಲೂ ಕೇಳಿರಲಿಲ್ಲ, ತಾನಾಗಿ ಉಡಿಗೆ ಬಂದಿತ್ತು. ಅದಕ್ಕೇ ಅಷ್ಟು ಖುಷಿ.

ಮುಂದೆ ಸರ್ ಮಾಡಿದ ಉಪಾಯಗಳನ್ನು ಹೇಳಿದರೆ ನೀವು ನಗುತ್ತೀರಿ, ನಗಿ. ಮೊದಲನೆಯದು, ಡಾಕ್ಟರ ಕಡೆಯಿಂದ "ಎತ್ತರದ ಪ್ರದೇಶ ಆಗಿಬರುವುದಿಲ್ಲ" ಎಂದು ಬರೆಸಿಕೊಳ್ಳುವುದು. ಹುಮನಾಬಾದಿನ ಆ ಡಾಕ್ಟರೂ ಅವರ ವಿದ್ಯಾರ್ಥಿಯೇ. ನಾಡಿ ನೋಡಿದ, ಎದೆ ನೋಡಿದ, ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದ. "ಸರ್, ಕುದುರಿ ಹಾಂಗ ಅದೀರಿ! ಫಿಕರ್ ಮಾಡಬ್ಯಾಡ್ರಿ, ಹೋಗಿ ಬರ್ರಿ" ಎಂದು ಬೆನ್ನು ತಟ್ಟಿ, ಸರ್ ಮನೆ ಸೇರುವ ಮೊದಲೇ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ. ಅದರ ಕೆಳಗೆ ಹೂವು, ಕೈ ಮುಗಿದ ಚಿತ್ರ, ಬೆಟ್ಟದ ಚಿತ್ರ ಸಾಲುಗಟ್ಟಿ ಬಂದವು.

ಎರಡನೆಯದು, ಧೈರ್ಯದ ಅಭ್ಯಾಸ. ಸಂಜೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟು ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಹೆಂಡತಿ ಕಂಡರೆ ಇರಲಿ ಎಂದು ಕೈಯಲ್ಲೊಂದು ಪೊರಕೆ. ವೈನಿ ನನ್ನೆದುರು ಹೆಮ್ಮೆಯಿಂದ ಹೇಳಿಕೊಂಡರು. "ರಿಟೈರ್ ಆದ ಮ್ಯಾಲ ನಿಮ್ಮ ಸರ್ ಮನಿ ಕೆಲಸಾ ಕಲ್ತಾರ ನೋಡ್ರಿ. ದಿನಾ ಜ್ಯಾಡಿ ಹೊಡ್ಯಾಕತ್ತಾರ." ಜೇಡರ ಬಲೆ ಹೋಯಿತು. ಭಯ ಹೋಗಲಿಲ್ಲ.

ಮೂರನೆಯದರಲ್ಲಿ ನಾನೂ ಸಿಕ್ಕಿಕೊಂಡೆ. ಪಿಂಚಣಿ ಕಾಗದದ ಕೆಲಸಕ್ಕೆಂದು ಸರ್ ಇನ್ನೂ ನಮ್ಮ ಬಸ್ಸಿಗೇ ಬರುತ್ತಿದ್ದರು. ಮನಾಲಿಯಿಂದ ಲೇಹ್‌ಗೆ ಗಾಡಿ ಓಡಿಸುವವರು ತೆಗೆದ ವಿಡಿಯೋಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅವರಿಗೆ ಅದನ್ನು ನೋಡಲಿಕ್ಕೂ ಆಗದು. ನಾನು ನೋಡಿ ಹೇಳಬೇಕು, ಅವರು ಮುಂದಿನ ಸೀಟಿನ ಕಂಬಿ ನೋಡುತ್ತ ಕೇಳಬೇಕು.

"ಈಗ?"

"ಬಲಕ್ಕ ಗುಡ್ಡ, ಎಡಕ್ಕ ಕಣಿವಿ, ಸರ್."

"ಹಂಗಾರ ಬಲಕ್ಕ ಕೂಡ್ತೀನಿ. ಈಗ?"

"ತಿರುವು ಬಂತು. ಈಗ ಎಡಕ್ಕ ಗುಡ್ಡ, ಬಲಕ್ಕ ಕಣಿವಿ."

"ಎಷ್ಟು ಆಳ ಅದ?"

"ತಳ ಕಾಣವಲ್ದ್ರಿ."

"ಅದೆಲ್ಲಾ ಹೇಳಬ್ಯಾಡ್ರಿ ತಂಗೀ!" ಎಂದು ಗದರಿದರು. ಕೇಳಿದ್ದು ಅವರೇ.

ಹೀಗೆ ಹಲವು ದಿನ ನಡೆಯಿತು. ಅವರು ಕೈಯಿಂದಲೇ ದಾರಿಯ ನಕ್ಷೆ ಬರೆದು, ಕಣಿವೆ ಬರುವ ಕಡೆಗೆಲ್ಲ ಕೆಂಪು, ಗುಡ್ಡದ ಕಡೆಗೆ ಹಸಿರು ಬಳಿದರು. ಬರೆದು ಮುಗಿಸಿ ನೋಡಿದರೆ ಎರಡೂ ಕಡೆ ಕೆಂಪು. ಸುತ್ತಿ ಸುತ್ತಿ ಹತ್ತುವ ದಾರಿಯಲ್ಲಿ ಪ್ರತಿ ತಿರುವಿಗೂ ಕಣಿವೆ ಕಡೆ ಬದಲಿಸುತ್ತದೆ ಎಂಬುದು ಭೂಗೋಳದ ಮಾಸ್ತರರಿಗೆ ಮೊದಲೇ ತಿಳಿಯದ ಸಂಗತಿಯೇನಲ್ಲ. ಆಸೆ ಮನುಷ್ಯನ ಓದನ್ನೂ ಮರೆಸುತ್ತದೆ. "ನಡೂಕ ಕೂಡ್ತೀನಿ, ಕಣ್ಣ ಮುಚ್ಚಿ" ಎಂದರು ಕೊನೆಗೆ. ಟ್ರಾವೆಲ್ಸಿನ ಹುಡುಗನಿಗೆ ನಾನೇ ಆ ಮಾತು ಮುಟ್ಟಿಸಿದೆ. ಅವನಿಗೆ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. "ಗುರುಗಳ್ನ ನಡೂಕ ಹಿಚಿಕಿ ಕೂಡಸ್ತೀವೇನ್ರಿ ಮೇಡಂ? ಮುಂದಿನ ಸೀಟು ಅವರ್ದೇ. ದೊಡ್ಡ ಗಾಜಿನ ಕಿಡಕಿ ಇರೂ ಗಾಡಿ ಹೇಳೀನಿ, ಎಲ್ಲಾ ಚೊಲೊ ಕಾಣ್ಲಿ ಅಂತ."

ಇಷ್ಟು ಸಾಲದು ಎಂಬಂತೆ ಊಟದ ಕರೆಗಳು ಶುರುವಾದವು. ನಮ್ಮಲ್ಲಿ ಯಾರಾದರೂ ಕಾಶಿಗೆ ಹೊರಟರೆ, ಹಜ್‌ಗೆ ಹೊರಟರೆ, ಓಣಿಯವರು, ನೆಂಟರು ಸರತಿಯ ಮೇಲೆ ಊಟಕ್ಕೆ ಕರೆದು, ಹಾರ ಹಾಕಿ, ಬಟ್ಟೆ ಕೊಟ್ಟು ಕಳಿಸುವ ರೂಢಿ ಇದೆ. ಲಡಾಖ್ ಯಾತ್ರೆ ಅಲ್ಲ ಎಂದು ಯಾರಿಗೆ ಹೇಳುವುದು? ಅಷ್ಟು ದೂರ, ಅಷ್ಟು ಎತ್ತರ, ಅಂದಮೇಲೆ ಅಲ್ಲಿ ದೇವರು ಇರಲೇಬೇಕು ಎಂಬ ಲೆಕ್ಕ ಅವರದು. ಒಂದು ಮನೆಯಲ್ಲಿ ಗೋಧಿ ಹುಗ್ಗಿ, ಇನ್ನೊಂದರಲ್ಲಿ ಹೋಳಿಗೆ, ಹಳೇ ವಿದ್ಯಾರ್ಥಿನಿ ಒಬ್ಬಳ ತಾಯಿಯ ಮನೆಯಲ್ಲಿ ಡಬಲ್ ಕಾ ಮೀಠಾ. ಹುಲಸೂರಿನಿಂದಲೂ ಒಬ್ಬರು ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದರು. ಯಾತ್ರೆಯ ಊಟ ಉಂಡವನು ಯಾತ್ರೆಗೆ ಹೋಗದೆ ಉಳಿದರೆ ಊರು ಆಡಿಕೊಳ್ಳುತ್ತದೆ. ಸರ್ ಪ್ರತಿ ತುತ್ತನ್ನೂ ನುಂಗುವಾಗ ನಾನು ಅವರ ಗಂಟಲು ನೋಡುತ್ತಿದ್ದೆ. ಮನುಷ್ಯ ಇಳಿದುಹೋದ. ಅಂಗಿ ಜೋತು ಬಿತ್ತು.

"ವೈನಿ ಮುಂದ ಹೇಳಿಬಿಡ್ರಿ ಸರ್. ಅಂಜಿಕಿ ಅಂದ್ರ ಏನ್ ಗುನ್ಹೇ?" ಎಂದೆ ಒಂದು ದಿನ.

ಅವರು ಬಸ್ಸಿನ ಕಿಟಕಿಯ ಕಡೆ ತಿರುಗಿದರು. "ಆಕೀ ಮುಂದ ನಾ ದೊಡ್ಡಾಂವ ಅಂತ ಅಲ್ಲ ತಂಗೀ. ನನ್ನ ಎಲ್ಲಾ ಕೆಟ್ಟ ಗುಣ ಆಕಿಗೆ ಗೊತ್ತವ. ಇದೊಂದು ಮುಚ್ಚಿಟ್ಟೀನಿ. ಮೊದಲನೇ ದಿನ ಹೇಳಿದ್ರ ನಕ್ಕೋತ ಮುಗೀತಿತ್ತು. ಈಗ ಹೇಳಿದ್ರ, ಇಷ್ಟು ವರ್ಷ ಯಾಕ ಹೇಳ್ಲಿಲ್ಲ ಅಂತ ಕೇಳ್ತಾಳ. ಅದಕ್ಕ ಏನ್ ಹೇಳ್ಲಿ?" ಮತ್ತೆ, "ಆಕಿ ಟೋಪಿ ಹಾಕ್ಕೊಂಡು ನಿಲ್ತಾಳಲ್ಲ, ಅದನ್ನ ನೋಡಿದ್ರ ಬಾಯಿ ಬರೂದಿಲ್ಲ" ಎಂದರು. ನನಗೂ ಅದೇ ಕಷ್ಟ. ವೈನಿ ನನ್ನನ್ನು ಸ್ವಂತ ನಾದಿನಿಯಂತೆ ನೋಡುವವರು, ಅವರೆದುರು ನಾನೂ ದಿನಾ ಸುಳ್ಳಿನ ಮುಖ ಹೊತ್ತು ಕೂರಬೇಕಿತ್ತು.

ಹೊರಡುವ ದಿನ ಹತ್ತಿರ ಬಂತು. ಕೊನೆಯ ಊಟ ಕೊಹಿನೂರದಲ್ಲಿ, ವೈನಿಯ ತಮ್ಮನ ಮನೆಯಲ್ಲಿ. ನನ್ನನ್ನೂ ಕರೆದುಕೊಂಡು ಹೋದರು. ದಪ್ಪ ಗೋಡೆಯ ಹಳೇ ಮಣ್ಣಿನ ಮನೆ, ಮೇಲೆ ಸಮತಟ್ಟಾದ ಮಾಳಿಗೆ. ಅಂಗಳದ ಮೂಲೆಯಿಂದ ಮಾಳಿಗೆಗೆ ಕಲ್ಲಿನ ಮೆಟ್ಟಿಲು, ಗೋಡೆಯಿಂದ ಹೊರಗೆ ಚಾಚಿದ ಬರೀ ಕಲ್ಲುಗಳು, ಹಿಡಿಯಲು ಏನೂ ಇಲ್ಲ. ಬೇಸಿಗೆಯ ಸಂಜೆ, ಒಳಗೆ ಸೆಕೆ. ಚಾಪೆ ಹಾಸಿ, ತಾಟು ಇಟ್ಟು, ಮಾಳಿಗೆಯ ಮೇಲೆ ಊಟಕ್ಕೆ ಸಿದ್ಧ ಮಾಡಿದ್ದರು.

"ಮಾಮಾ, ಮ್ಯಾಲ ಬರ್ರಿ! ಗಾಳಿ ಚೊಲೊ ಬಿಟ್ಟದ" ಎಂದು ವೈನಿಯ ತಮ್ಮ ಮೇಲಿನಿಂದ ಕೂಗಿದ. ಮಕ್ಕಳು ಮರಿ ಎಲ್ಲ ಹತ್ತಿಹೋದರು. ವೈನಿ ಹತ್ತಿದರು. ನಾನು ಸರ್ ಜೊತೆ ಕೆಳಗೇ ನಿಂತೆ. ಅವರು ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟು, ತೆಗೆದು, ಮತ್ತೆ ಇಟ್ಟರು. ಚಪ್ಪಲಿ ಸರಿ ಮಾಡಿಕೊಂಡರು. ಫೋನು ನೋಡಿದರು. ಮೇಲಿನಿಂದ ಮತ್ತೊಮ್ಮೆ ಕರೆ ಬಂತು. ಅವರ ಕುತ್ತಿಗೆಯ ಮೇಲೆ ಬೆವರು ಹರಿಯುತ್ತಿತ್ತು.

ಕೊನೆಗೆ ವೈನಿಯೇ ನೀರಿನ ತಂಬಿಗೆ ಹಿಡಿದು ಇಳಿದು ಬಂದರು.

"ಏನ್ರೀ, ಎಲ್ಲಾರೂ ಕಾಯಾಕತ್ತಾರ. ಯಾಕ ಇಲ್ಲೇ ನಿಂತೀರಿ?"

"ನನಗ ಹತ್ತಾಕ ಆಗೂದಿಲ್ಲ."

"ಮೊಣಕಾಲ ನೋಯಾಕತ್ತಾವೇನು?"

ನೆಪ ತಾನಾಗಿ ಬಂದು ಕೈಗೆ ಸಿಕ್ಕಿತ್ತು. ಹೌದು ಎಂದಿದ್ದರೆ ಊಟವೂ ಮುಗಿಯುತ್ತಿತ್ತು, ಲಡಾಖೂ ತಪ್ಪುತ್ತಿತ್ತು. ನಾನು ಮನಸ್ಸಿನಲ್ಲೇ, "ಹೌದು ಅನ್ರಿ ಸರ್" ಎಂದೆ. ಅವರು ಅನ್ನಲಿಲ್ಲ. ಸುಳ್ಳಿಗೂ ಮನುಷ್ಯನಿಗೆ ದಣಿವಾಗುತ್ತದೆ ಎಂದು ಕಾಣುತ್ತದೆ.

"ಇಲ್ಲ. ಅಂಜಿಕಿ," ಎಂದರು. "ನನಗ ಎತ್ತರ ಅಂದ್ರ ಅಂಜಿಕಿ. ಸಣ್ಣಾಂವ ಇದ್ದಾಗಿಂದ ಅದ. ಕೋಟೀನೂ ಹತ್ತಾಕ ಆಗೂದಿಲ್ಲ, ಈ ಮಾಳಿಗೀನೂ ಆಗೂದಿಲ್ಲ. ಲಡಾಖಿಗೆ ಬರಾಕ ನನ್ನ ಕೈಲಿ ಆಗೂದಿಲ್ಲ. ನೀ ಅಷ್ಟು ಖುಷಿ ಇದ್ದಿ. ಹ್ಯಾಂಗ ಹೇಳೂದು ಅಂತ ತಿಳೀಲಿಲ್ಲ."

ವೈನಿ ಬೈಯುತ್ತಾರೆ, ಅಳುತ್ತಾರೆ, ಪ್ರವಾಸ ಹೋಯಿತಲ್ಲ ಎಂದು ಮರುಗುತ್ತಾರೆ ಎಂದುಕೊಂಡೆ. ಅವರು ಲಡಾಖಿನ ಮಾತೇ ಎತ್ತಲಿಲ್ಲ. ತಂಬಿಗೆ ಕೆಳಗಿಟ್ಟು, ಕೆಳಗಿನ ಮೆಟ್ಟಿಲ ಮೇಲೆ ಕೂತರು. ಗಂಡನ ಮುಖವನ್ನೇ ನೋಡುತ್ತ ಕೇಳಿದರು.

"ಮದ್ವಿ ಆದ ವರ್ಷ, ಬ್ಯಾಸಿಗ್ಯಾಗ, ನಮ್ಮ ಅವ್ವ ನಿಮಗಂತ ಮಾಳಿಗಿ ಮ್ಯಾಲ ಹಾಸಿದ್ಲು. ಹೊಸಾ ಕೌದಿ. ಚಳಿಗಾಲ ಪೂರಾ ಕೂತು, ಹಳೇ ಸೀರಿ ತುಂಡು ಜೋಡ್ಸಿ ಹೊಲದಿದ್ಲು. ನೀವು ಕೆಲಸ ಅದ ಅಂತ ಹೇಳಿ ಸಂಜೀ ಬಸ್ಸಿಗೇ ಹೊಳ್ಳಿ ಹೋದ್ರಿ."

"ಹೌದು."

"ಆಮ್ಯಾಲ ಒಮ್ಮೀನೂ ಈ ಮನ್ಯಾಗ ವಸ್ತಿ ಉಳೀಲಿಲ್ಲ. ಹಬ್ಬಕ್ಕೂ ಇಲ್ಲ, ಅವ್ವ ಹಾಸಿಗಿ ಹಿಡಿದಾಗೂ ಇಲ್ಲ."

"ಹೌದು."

"ಇದಕ್ಕೇನು?"

"ಇದಕ್ಕೇ. ಬ್ಯಾಸಿಗ್ಯಾಗ ಎಲ್ಲಾರೂ ಮ್ಯಾಲ ಮಲಗತಿದ್ರು. ಒಮ್ಮೆ ಕೆಲಸ ಅಂದೆ. ಮುಂದ ಅದನ್ನೇ ಹೇಳ್ಕೋತ ಬಂದೆ."

"ನಮ್ಮ ಅವ್ವ ಸಾಯೂತನಕ ಅದನ್ನ ಮನಸಿನ್ಯಾಗ ಇಟ್ಕೊಂಡಿದ್ಲು," ಎಂದರು ವೈನಿ. ದನಿ ಏರಲಿಲ್ಲ. "ಮಾಸ್ತರ ಅಳಿಯಗ ನಮ್ಮ ಮಣ್ಣಿನ ಮನಿ ಹಿಡಿಸ್ಲಿಲ್ಲ, ನಮ್ಮ ಹಾಸಿಗಿ ಹಿಡಿಸ್ಲಿಲ್ಲ ಅಂತ. ನಾನೂ ಹಂಗೇ ತಿಳದಿದ್ದೆ. ನಿಮ್ಮನ್ನ ಕೇಳ್ಲಿಲ್ಲ. ಕೇಳಿದ್ರ ಹೌದು ಅಂತೀರಿ ಅಂತ ಅಂಜಿ ಕೇಳ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಒಂದ್ಮಾತ ಹೇಳಿದ್ರ ಕೆಳಗ ಹಾಸ್ತಿದ್ಲಲ್ರೀ."

ಸರ್ ಅವರೆದುರು ನೆಲಕ್ಕೆ ಕೂತರು. ನನಗೆ ಅಲ್ಲಿ ನಿಲ್ಲಲಿಕ್ಕೂ ಆಗಲಿಲ್ಲ, ಹೋಗಲಿಕ್ಕೂ ಆಗಲಿಲ್ಲ. ಆ ಭಯದಲ್ಲಿ ತಾನೊಬ್ಬನೇ ಸಿಕ್ಕಿಕೊಂಡಿದ್ದೇನೆ ಎಂದು ಸರ್ ಅಷ್ಟು ವರ್ಷ ನಂಬಿದ್ದರು. ತಾಯಿ, ಮಗಳು ಇಬ್ಬರೂ ಅದರೊಳಗೇ ಇದ್ದರು. ಒಬ್ಬಾಕೆ ಹೊರಗೆ ಬಾರದೆಯೇ ಸತ್ತುಹೋಗಿದ್ದಳು. ನನಗೆ ಸರ್ ಮೇಲೆ ಸಿಟ್ಟು ಬಂತು, ಮರುಕವೂ ಬಂತು.

ವೈನಿ ಎದ್ದು ಮೇಲೆ ನೋಡಿ ಕೂಗಿದರು. "ತಮ್ಮಾ, ತಾಟ ಎಲ್ಲಾ ಕೆಳಗ ತರ್ರಿ. ಪಡಸಾಲ್ಯಾಗ ಉಣ್ಣೂಣು."

"ಯಾಕ ಅಕ್ಕಾ?"

"ನಿನ್ನ ಮಾಮಾಗ ಎತ್ತರಕ್ಕ ಅಂಜಿಕಿ ಬರ್ತದ."

ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಆಮೇಲೆ ತಮ್ಮ ಹುಗ್ಗಿಯ ಪಾತ್ರೆ ಎತ್ತಿಕೊಂಡು ಇಳಿಯುತ್ತ, "ಇಷ್ಟೇ ಏನು? ನಮ್ಮ ಕರೀ ಎತ್ತಿಗೂ ಭಾವಿ ಅಂದ್ರ ಅಂಜಿಕಿ. ಸುತ್ತ ಹಾಕ್ಕೊಂಡು ಹೋಗ್ತೀವಿ" ಎಂದ. ಹಿಂದೆ ರೊಟ್ಟಿಯ ಬುಟ್ಟಿ, ಪಲ್ಯದ ಬೋಗುಣಿ, ಮಕ್ಕಳು, ಎಲ್ಲ ಇಳಿದು ಬಂದವು. ಸೆಕೆಯಲ್ಲಿ ಬೀಸಣಿಕೆ ಬೀಸಿಕೊಳ್ಳುತ್ತ ಪಡಸಾಲೆಯಲ್ಲೇ ಉಂಡೆವು. ಸರ್ ತಾಟಿನಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ವೈನಿ ಅವರಿಗೆ ಹುಗ್ಗಿ ನೀಡಿದರು, ಮಾತಾಡಲಿಲ್ಲ.

ಆಮೇಲೂ ಮಾತಾಡಲಿಲ್ಲ. ಹೊರಡುವ ಹಿಂದಿನ ದಿನ ಸೂಟ್‌ಕೇಸು ಕಟ್ಟುತ್ತ ಒಂದು ಮಾತು ಹೇಳಿದರು. "ಉಡ್ಯಾಗ ಬಿದ್ದದ್ದು ನಂದು. ನಾ ಹೋಗ್ತೀನಿ. ನೀವು ನನ್ನ ಸಲುವಾಗಿ ಬರಬ್ಯಾಡ್ರಿ, ಊರಿನ ಸಲುವಾಗಿ ಬರಬ್ಯಾಡ್ರಿ." ಟ್ರಾವೆಲ್ಸಿನ ಹುಡುಗನಿಗೂ ಅವರೇ ಫೋನು ಮಾಡಿದರು. ಅವನು ಬಹಳ ನೊಂದುಕೊಂಡ, ಒಪ್ಪಿಕೊಂಡ. ಸರ್ ಹೆಸರಿನ ಜಾಗಕ್ಕೆ ನನ್ನ ಹೆಸರು ಬಂತು. ಎರಡನೆಯ ಉಣ್ಣೆಯ ಟೋಪಿ ನನ್ನ ತಲೆಗೆ ಬಂತು, ಸ್ವಲ್ಪ ದೊಡ್ಡದು. ಬಸ್‌ಸ್ಟ್ಯಾಂಡಿಗೆ ಬಂದ ಸರ್ ನಮ್ಮ ಚೀಲ ಎತ್ತಿಕೊಟ್ಟರು. ಏನೋ ಹೇಳಲು ಬಾಯಿ ತೆರೆದರು. ವೈನಿ ಆ ಕಡೆ ಮುಖ ತಿರುಗಿಸಿದ್ದರು.

ಆ ದಾರಿಯನ್ನು ನಾನೇನು ಬಣ್ಣಿಸಲಿ, ಸರ್ ಬೋರ್ಡಿನ ಮೇಲೆ ಬಿಡಿಸಿದ ಹಾಗೆಯೇ ಇತ್ತು. ಪ್ರತಿ ಕಣಿವೆಯ ತುದಿಯಲ್ಲೂ ಗಾಡಿ ನಿಂತಿತು. ವೈನಿ ಇಳಿದು, ಅಂಚಿನವರೆಗೂ ಹೋಗಿ ಕೆಳಗೆ ನೋಡುತ್ತಿದ್ದರು. ಬಗ್ಗಿ ಮಣ್ಣು ಮುಟ್ಟಿ, ಬೆರಳಲ್ಲಿ ತಿಕ್ಕಿ ನೋಡಿ, "ಬರೇ ಹುಡಿ. ಇದ್ರಾಗ ಏನೂ ಬರೂದಿಲ್ಲ" ಎನ್ನುತ್ತಿದ್ದರು. ಖುಷಿಯಾಯಿತೇ ಎಂದು ಕೇಳಿದರೆ ಹೌದೆಂದು ತಲೆಯಾಡಿಸುತ್ತಿದ್ದರು. ಪಕ್ಕದಲ್ಲಿ ಹೇಳಿಕೊಡುವವರು ಇಲ್ಲದೆ ಅಷ್ಟು ದೊಡ್ಡ ಗುಡ್ಡಗಳ ಮುಂದೆ ಅವರು ಬಹಳ ಒಂಟಿಯಾಗಿ ಕಂಡರು. ದಾರಿಯಲ್ಲಿ ಫೋನು ಹತ್ತಲಿಲ್ಲ. ಹತ್ತಿದ್ದರೂ ಮಾಡುತ್ತಿದ್ದರೋ ಇಲ್ಲವೋ.

ಲೇಹ್ ಮುಟ್ಟಿದ ಸಂಜೆ ವೈನಿಯ ಫೋನು ತಾನಾಗಿ ರಿಂಗಾಯಿತು. ಅತಿಥಿಗೃಹದ ಅಂಗಳದಲ್ಲಿ ಕೂತಿದ್ದೆವು, ಸುತ್ತ ಬೋಳು ಗುಡ್ಡ, ತುದಿಗೆ ಹಿಮ. ಗಾಳಿಯ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ವೈನಿ ಸ್ಪೀಕರ್ ಹಾಕಿದರು.

"ಮುಟ್ಟಿದ್ರೇನು?" ಸರ್ ದನಿ.

"ಹ್ಞೂಂ."

"ತ್ರಾಸ ಆಗ್ಲಿಲ್ಲಲ್ಲ?"

"ಇಲ್ಲ. ನೀವು ಒಬ್ಬರೇ ಮನ್ಯಾಗ ಊಟಕ್ಕ ಏನ್ ಮಾಡ್ಕೊಂಡ್ರಿ?"

"ಮನ್ಯಾಗ ಇಲ್ಲ. ಕೊಹಿನೂರಾಗ ಇದ್ದೀನಿ. ನೀವು ಹೋದ ದಿನಾನೇ ಬಂದೀನಿ. ನೀ ಬರೂತನಕ ಇಲ್ಲೇ ವಸ್ತಿ."

ವೈನಿ ನನ್ನ ಮುಖ ನೋಡಿದರು.

"ಎಲ್ಲಿ ಮಲಗ್ತೀರಿ?"

"ಪಡಸಾಲ್ಯಾಗ, ಕೆಳಗ ಹಾಸ್ಯಾರ. ನಿನ್ನ ತಮ್ಮ ಟ್ರಂಕ್ ತಗದು ಆ ಕೌದಿ ಕೊಟ್ಟಾನ. ಹೊಸಾದು ಹಂಗೇ ಅದ. ಅವ್ವ ಯಾರಿಗೂ ಹೊಚ್ಚಾಕ ಕೊಟ್ಟಿಲ್ಲಂತ."

ವೈನಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಆ ಕಡೆಯಿಂದ ಸರ್, "ಕೇಳಾಕತ್ತದೇನು? ಹಲೋ?" ಎನ್ನುತ್ತಿದ್ದರು.

"ಕೇಳಾಕತ್ತದ," ಎಂದರು ವೈನಿ. "ಹೊಚ್ಕೋಬ್ಯಾಡ್ರಿ ಅದನ್ನ. ಅಲ್ಲಿ ಸೆಕಿ ಅದ. ಹಾಸ್ಕೊಂಡು ಮಲಗ್ರಿ."